ಮೂರು ರೂಪಾಯಿಯ ಸಾಲ

ಪ್ರವಾಸಕ್ಕೆ ಹೊರಡುವವನ ಜೇಬು ತುಂಬಿರಬೇಕು ಎಂಬುದು ಹಿರಿಯರ ಮಾತು. ಜೇಬು ತುಂಬಿದವನು ಊರುಗಳನ್ನು ನೋಡುತ್ತಾನೆ, ನಿಜ. ಜೇಬು ಬರಿದಾದವನನ್ನಾದರೋ ಊರುಗಳೇ ನೋಡಿಕೊಳ್ಳಬೇಕಾಗುತ್ತದೆ. ಈ ಎರಡರ ನಡುವಣ ಅಂತರ ನನಗೆ ತಿಳಿದದ್ದು 1996ರ ಜುಲೈ ತಿಂಗಳ ಮೊದಲ ವಾರದಲ್ಲಿ, ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗಳ ಹಾದಿಯಲ್ಲಿ.

ಆಗ ನಾನು ಪದವಿ ಪರೀಕ್ಷೆ ಮುಗಿಸಿ ಫಲಿತಾಂಶಕ್ಕಾಗಿ ಕಾಯುತ್ತಿದ್ದೆ. ನನ್ನಂತೆಯೇ ಕಾಯುತ್ತಿದ್ದ ಗೆಳೆಯನೊಬ್ಬನಿದ್ದ. ಇಬ್ಬರ ಬಳಿಯೂ ಸೇರಿ ಇನ್ನೂರು ರೂಪಾಯಿ ಇದ್ದಿತು. ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಮತ್ತೆ ಒಂದಾಗುವ ತುಂಗೆ ಭದ್ರೆಯರ ನಡುವಣ ನಾಡನ್ನು ಮಳೆಗಾಲದಲ್ಲಿಯೇ ನೋಡಬೇಕೆಂಬುದು ಗೆಳೆಯನ ಹಟ. ಮಳೆಗಾಲದಲ್ಲಿ ಮಲೆನಾಡನ್ನು ನೋಡಬೇಕೆನ್ನುವವನು ಒಂದೋ ಕವಿಯಾಗಿರಬೇಕು, ಇಲ್ಲವೆ ಮಲೆನಾಡಿಗೆ ಹೊಸಬನಾಗಿರಬೇಕು. ನನ್ನ ಗೆಳೆಯ ಕವಿಯಾಗಿರಲಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ರೈಲಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿದಾದ ಹಳಿಗಳ ಮೇಲೆ ಪುಟ್ಟ ರೈಲೊಂದು ಓಡುತ್ತಿದ್ದುದುಂಟು. ಅದು ನಿಂತು ಎಷ್ಟೋ ಕಾಲವಾಯಿತು. ಎಡೆಹಳ್ಳಿಯೆಂದಿದ್ದ ಆ ಊರು ಯುವರಾಜ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು ಇಂದಿಗೂ ಉಳಿಸಿಕೊಂಡಿದೆ. ರೈಲನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಹೀಗಾಗಿ ಇಲ್ಲಿ ಬಡವನಿಗೆ ಬಸ್ಸೇ ಗತಿ.

ಶಿವಮೊಗ್ಗದಿಂದ ಹೊರಟ ನಾವು ಮೊದಲ ದಿನ ನರಸಿಂಹರಾಜಪುರವನ್ನು ಸೇರಿದೆವು. ಸಿಂಹನಗದ್ದೆಯ ಬಸದಿಯಲ್ಲಿ ಜ್ವಾಲಾಮಾಲಿನಿಯ ದರ್ಶನ ಮಾಡಿದೆವು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹಿಂದಕ್ಕೆ ಚಾಚಿಕೊಂಡ ಭದ್ರೆಯ ನೀರನ್ನು ದೂರದಿಂದ ಕಂಡೆವು. ಬಯಲುಸೀಮೆಯ ಗದ್ದೆಗಳಿಗೆ ಹೋಗುವ ಆ ನೀರಿನ ಕೆಳಗೆ ಮಲೆನಾಡಿನ ಗದ್ದೆಗಳು ಮುಳುಗಿವೆಯೆಂದು ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಹೇಳಿದರು. ಅವರ ದನಿಯಲ್ಲಿ ದೂರಿರಲಿಲ್ಲ. ಹೋದ ನೆಂಟರ ವಿಷಯ ಹೇಳುವಂತಿತ್ತು.

ಆ ರಾತ್ರಿ ನಾವು ತಂಗಿದ ವಸತಿಗೃಹ ದಾರಿಯ ಯಾವ ಊರಿನದೆಂದು ಹೇಳುವುದಿಲ್ಲ. ಹಾಸಿಗೆ ಒದ್ದೆಯಾಗಿತ್ತು; ಸೂರಿನಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೀಟು ಎರಡು ಗಂಟೆಗೊಮ್ಮೆ ತುಂಬುತ್ತಿತ್ತು. ಅದನ್ನು ಚೆಲ್ಲುವ ಹೊಣೆಯನ್ನು ಇಬ್ಬರೂ ಸರದಿಯ ಮೇಲೆ ವಹಿಸಿಕೊಂಡೆವು. ಇಷ್ಟಾಗಿ, ಬಾಡಿಗೆಯಲ್ಲಿ ನಮ್ಮ ಇನ್ನೂರರ ಮುಕ್ಕಾಲು ಪಾಲು ಕರಗಿಹೋಯಿತು.

ಮಾರನೆಯ ದಿನ ಕೊಪ್ಪದ ಮೇಲೆ ಶೃಂಗೇರಿಗೆ ಪ್ರಯಾಣ. ಬಸ್ಸಿನ ಕಿಟಕಿಗಳಿಗೆಲ್ಲ ಟಾರ್ಪಾಲು ಇಳಿಬಿಟ್ಟಿದ್ದರು. ಕುವೆಂಪು ಅವರು ಜನಿಸಿದ ಹಿರೇಕೊಡಿಗೆ ಇರುವ ತಾಲ್ಲೂಕನ್ನು, ಅವರ ಕಾವ್ಯಕ್ಕೆ ಒಲಿದ ಕಾಡನ್ನು, ನಾನು ಕಂಡದ್ದು ಆ ಟಾರ್ಪಾಲಿನ ಅಂಗೈಯಗಲದ ತೂತಿನಲ್ಲಿ. ಅಷ್ಟೂ ಹಸಿರಾಗಿತ್ತು.

ಶೃಂಗೇರಿಯ ವಿದ್ಯಾಶಂಕರ ದೇವಾಲಯ ಹದಿನಾಲ್ಕನೆಯ ಶತಮಾನದ್ದು. ಅದರ ನವರಂಗದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಸೂರ್ಯನು ಯಾವ ರಾಶಿಯಲ್ಲಿರುವನೋ ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುವುದೆಂದು ಪ್ರತೀತಿ. ಆಗ ಮಿಥುನಮಾಸ. ನಾವು ಮಿಥುನದ ಕಂಬದ ಮುಂದೆ ಬಹಳ ಹೊತ್ತು ನಿಂತೆವು. ವಾರದಿಂದ ಸೂರ್ಯನನ್ನೇ ಕಾಣದ ಊರಿನಲ್ಲಿ ಕಿರಣಕ್ಕಾಗಿ ಕಾದ ನಮ್ಮನ್ನು ನೋಡಿ ಅರ್ಚಕರೊಬ್ಬರು ನಕ್ಕು, "ಊಟಕ್ಕೆ ಹೊತ್ತಾಯ್ತು, ಹೋಗಿ" ಎಂದರು. ಮಠದ ಪಂಕ್ತಿಯಲ್ಲಿ ಬಿಸಿ ಅನ್ನ, ತಿಳಿಸಾರು. ಎಡಕ್ಕೆ ಕೂತವರು ಯಾರು, ಬಲಕ್ಕೆ ಕೂತವರು ಯಾರು, ಯಾರ ಜೇಬಿನಲ್ಲಿ ಎಷ್ಟಿದೆ ಎಂದು ಬಡಿಸುವವರು ಕೇಳಲಿಲ್ಲ. ಹಸಿದವನಿಗೆ ಇದಕ್ಕಿಂತ ದೊಡ್ಡ ದರ್ಶನ ಯಾವುದು? ಊಟದ ಮೇಲೆ ಮೆಟ್ಟಿಲಿಳಿದು, ಯಾರೂ ಹಿಡಿಯದೆ ಕಾಯ್ದುಕೊಂಡು ಬಂದ ತುಂಗೆಯ ಮೀನುಗಳನ್ನು ನೋಡಿದೆವು. ಕೆಂಪು ನೀರಿನಲ್ಲಿ ಅವೂ ಕಾಣಲಿಲ್ಲ.

ಅಲ್ಲಿಗೇ ತೃಪ್ತರಾಗಿ ಹಿಂತಿರುಗಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಸುಮಾರು ಹತ್ತು ಕಿಲೋಮೀಟರು ದೂರದ ಕಿಗ್ಗಕ್ಕೆ ನಡೆದೇ ಹೋಗೋಣವೆಂದ ಗೆಳೆಯ. ಉಳಿಯುವುದು ಬಸ್ಸಿನ ದುಡ್ಡು. ಕಿಗ್ಗದ ಋಷ್ಯಶೃಂಗ ಮಳೆಯ ದೇವರು. ಮಳೆ ಬೇಕೆಂದವರೂ ಸಾಕೆಂದವರೂ ಅಲ್ಲಿಗೇ ಬಂದು ಬೇಡುತ್ತಾರೆ. ಒಂದೇ ಒಂದು ಗಂಟೆ ಮಳೆ ನಿಲ್ಲಲಿ ಎಂದು ನಾವು ಬೇಡಿದೆವು. ಕಾಣಿಕೆ ಹಾಕದ ಭಕ್ತರ ಮಾತನ್ನು ದೇವರು ಗಣನೆಗೆ ತೆಗೆದುಕೊಳ್ಳಲಿಲ್ಲ. ಬರುವಾಗ ಹತ್ತಿರದ ದಾರಿಯೆಂದು ಕಾಲುಹಾದಿ ಹಿಡಿದು ದಾರಿ ತಪ್ಪಿದೆವು. ಕಾಲಿಗೆ ಹತ್ತಿದ ಉಂಬಳಗಳನ್ನು ಕೀಳುತ್ತ ಕೀಳುತ್ತ ಎಣಿಕೆ ಬಿಟ್ಟೆವು. ಕತ್ತಲಾದ ಮೇಲೆ ಒಂದು ಹಳ್ಳಿ ಸಿಕ್ಕಿತು. ನಾಲ್ಕು ಮನೆ, ಮುಚ್ಚಿದ ಒಂದು ಅಂಗಡಿ, ಅದರ ಮುಂದೆ ನಿಂತ ಒಂದು ಬಸ್ಸು.

ಮಲೆನಾಡಿನ ಒಳಹಳ್ಳಿಗಳಲ್ಲಿ ಕೊನೆಯ ಬಸ್ಸು ಊರಿಗೆ ಬಂದು ಅಲ್ಲಿಯೇ ರಾತ್ರಿ ಕಳೆಯುತ್ತದೆ. ಡ್ರೈವರು, ಕಂಡಕ್ಟರು ಅದರೊಳಗೇ ಮಲಗಿ, ಬೆಳಗಿನ ಜಾವ ಶಾಲೆಯ ಮಕ್ಕಳನ್ನೂ ಆಸ್ಪತ್ರೆಗೆ ಹೋಗುವವರನ್ನೂ ಹತ್ತಿಸಿಕೊಂಡು ಹೊರಡುತ್ತಾರೆ. ಹಾಲ್ಟಿಂಗ್ ಬಸ್ಸು ಎಂದು ಅದರ ಹೆಸರು. ಕಂಡಕ್ಟರು ಬಾಗಿಲು ತೆರೆದು ಟಾರ್ಚು ಬಿಟ್ಟರು.

"ಕೊಪ್ಪಕ್ಕಾ? ಇನ್ನು ಬೆಳಿಗ್ಗೆ ಆರಕ್ಕೇ ಮಾರಾಯ್ರೆ. ಈ ಮಳೇಲಿ ಎಂತ ಮಾಡ್ತೀರಿ? ಒಳಗೆ ಬನ್ನಿ, ನಮ್ಮದೇ ಬಸ್ಸು."

'ನಮ್ಮದೇ' ಎಂಬುದು ಉಪಚಾರದ ಮಾತೆಂದು ತಿಳಿದೆ. ಎದುರು ಮನೆಯಿಂದ ಅವರಿಗೆಂದು ಬಂದಿದ್ದ ಅಕ್ಕಿರೊಟ್ಟಿಯಲ್ಲಿ ನಮಗೂ ಪಾಲು ಸಿಕ್ಕಿತು. ಒಂದು ಕಂಬಳಿಯೂ ಸಿಕ್ಕಿತು. ಹಿಂದಿನ ರಾತ್ರಿ ಹಣ ಕೊಟ್ಟು ಪಡೆಯಲಾಗದ ನಿದ್ದೆ ಆ ಸೀಟಿನ ಮೇಲೆ ತಾನಾಗಿ ಬಂದಿತು.

ಬೆಳಿಗ್ಗೆ ಟಿಕೆಟ್ಟಿಗೆ ಎಣಿಸಿದರೆ ಮೂರು ರೂಪಾಯಿ ಕಡಮೆ. ಬಸ್ಸೇ ಅವರದಾದ ಮೇಲೆ ಬಿಟ್ಟುಬಿಡಬಾರದೆ ಎಂದು ಗೆಳೆಯ ತಮಾಷೆಯಾಗಿ ಕೇಳಿದ. ಕಂಡಕ್ಟರು ನಗಲಿಲ್ಲ. "ಬಸ್ಸು ನಮ್ಮದು ಹೌದು. ದುಡ್ಡು ನನ್ನೊಬ್ಬಂದಲ್ಲ. ಟಿಕೆಟ್ ಹರಿಯದೆ ಕರ್ಕೊಂಡು ಹೋದ್ರೆ ಎಲ್ಲರ ಜೇಬಿಗೂ ಕೈ ಹಾಕಿದ ಹಾಗೆ" ಎಂದವರೇ ತಮ್ಮ ಅಂಗಿಯ ಜೇಬಿನಿಂದ ಮೂರು ರೂಪಾಯಿ ತೆಗೆದು ಚರ್ಮದ ಚೀಲಕ್ಕೆ ಹಾಕಿ, ನಮ್ಮಿಬ್ಬರಿಗೂ ಟಿಕೆಟ್ ಹರಿದು ಕೊಟ್ಟರು. "ಮತ್ತೆ ಬಂದಾಗ ಕೊಡಿ."

ಕೊಪ್ಪದಲ್ಲಿ ಇಳಿದ ಮೇಲೆಯೇ ಆ ಮಾತಿನ ಅರ್ಥವಾದದ್ದು. ಅದು 'ಸಹಕಾರ ಸಾರಿಗೆ'ಯ ಬಸ್ಸು. ಹಿಂದೆ ಅಲ್ಲಿದ್ದ ಖಾಸಗಿ ಕಂಪನಿಯೊಂದು ಮುಚ್ಚಿದಾಗ, ಬೀದಿಗೆ ಬಿದ್ದ ಕಾರ್ಮಿಕರೇ 1991ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ. ಆರು ಬಸ್ಸುಗಳಿಂದ ಆರಂಭವಾದದ್ದು ಮುಂದೆ ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಸ್ಟಿಯರಿಂಗು ಹಿಡಿದವರೂ ಟಿಕೆಟ್ ಹರಿದವರೂ ಅದರ ಒಡೆಯರೇ. ವಿದ್ಯಾರ್ಥಿಗಳಿಗೆ ಅವರು ಕೊಡುತ್ತಿದ್ದ ರಿಯಾಯಿತಿಯಿಂದ ಎಷ್ಟು ಹಳ್ಳಿಗಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರೋ! ಕಂಡಕ್ಟರು ಉಪಚಾರ ಹೇಳಿರಲಿಲ್ಲ, ಲೆಕ್ಕ ಹೇಳಿದ್ದರು.

ಆ ಮೇಲೆ ಫಲಿತಾಂಶ ಬಂದಿತು, ಕೆಲಸ ಸಿಕ್ಕಿತು, ಸಂಸಾರವಾಯಿತು. 'ಮತ್ತೆ ಬಂದಾಗ' ಎಂಬುದು ದೂರ ದೂರ ಸರಿಯಿತು. ಕೆಲವು ವರ್ಷಗಳ ಹಿಂದೆ ಮತ್ತೆ ಆ ದಾರಿಯಲ್ಲಿ ಹೋದೆ, ಈ ಸಲ ಕಾರಿನಲ್ಲಿ. ಅಂದು ಎರಡು ದಿನ ಹಿಡಿದ ದಾರಿ ಅರ್ಧ ದಿನಕ್ಕೆ ಮುಗಿಯಿತು. ಗಾಜು ಏರಿಸಿದ್ದರಿಂದ ನೆನೆಯಲಿಲ್ಲ. ಯಾರೂ ಮಾತನಾಡಿಸಲೂ ಇಲ್ಲ.

ಕೊಪ್ಪದಲ್ಲಿ ಸಹಕಾರ ಸಾರಿಗೆಯನ್ನು ಕೇಳಿದೆ. ಏರುತ್ತ ಹೋದ ಡೀಸೆಲ್ ಬೆಲೆ, ಬಿಡಿಭಾಗಗಳ ವೆಚ್ಚ, ತುಂಬಲಾಗದ ನಷ್ಟ—2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಸುಮಾರು ಮೂರು ದಶಕ ನಡೆದ ಸಂಸ್ಥೆ. ಮನೆಮನೆಗೂ ಬೈಕು ಬಂದಿದೆಯಲ್ಲ ಎಂದರು ಒಬ್ಬರು. ಬಂದಿದೆ, ಆದರೆ ಶಾಲೆಯ ಹುಡುಗಿ ಬೈಕು ಹತ್ತಲಾರಳು, ಔಷಧಿಗೆ ಹೊರಟ ಮುದುಕಿ ಹತ್ತಲಾರಳು.

ನಿಲ್ದಾಣದ ಕಟ್ಟೆಯ ಮೇಲೆ ಹೆಂಗಸೊಬ್ಬರು ಚೀಲ ಹಿಡಿದು ಕೂತಿದ್ದರು. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲವಲ್ಲ ಎಂದು ನಾನೇ ಮಾತು ತೆಗೆದೆ. ಅವರು ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ನಮ್ಮೂರಿಗೆ ಸರ್ಕಾರಿ ಬಸ್ಸು ಎಲ್ಲುಂಟು? ಪುಕ್ಕಟೆ ಬೇಡ ಮಾರಾಯ್ರೆ. ಬಸ್ಸು ಬಂದ್ರೆ ಸಾಕು, ದುಡ್ಡು ಕೊಟ್ಟೇ ಹೋಗ್ತೇವೆ."

ಕಡಮೆ ಖರ್ಚಿನ ಪ್ರವಾಸವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಖರ್ಚು ಕಡಮೆಯಾಗುವುದಿಲ್ಲ, ನಮ್ಮ ಪಾಲಿನದನ್ನು ಬೇರೆ ಯಾರೋ ಹೊತ್ತಿರುತ್ತಾರೆ, ಅಷ್ಟೆ. ಹೊತ್ತವರ ಭುಜ ಸೋತದ್ದು ನಮಗೆ ತಿಳಿಯುವ ಹೊತ್ತಿಗೆ ಬಸ್ಸು ನಿಂತಿರುತ್ತದೆ.

ಆ ಕಂಡಕ್ಟರ ಹೆಸರನ್ನು ನಾನು ಅಂದು ಕೇಳಿರಲಿಲ್ಲ. ಮುಖ ಹೇಳಿ ನಾಲ್ಕಾರು ಜನರನ್ನು ವಿಚಾರಿಸಿದೆ, ಗುರುತು ಸಿಗಲಿಲ್ಲ. ಕಾರಿನಲ್ಲಿ ಜಾಗವಿತ್ತು. ಆ ಹೆಂಗಸನ್ನು ಅವರ ಊರಿನವರೆಗೆ ಬಿಟ್ಟು ಬಂದೆ. ಇಳಿಯುವಾಗ ಅವರು ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದರು. ಬೇಡವೆಂದೆ. ಆದರೂ ಮೂರು ರೂಪಾಯಿಯ ಸಾಲ ತೀರಿತೆಂದು ನನಗೆ ಅನ್ನಿಸಲಿಲ್ಲ.