ಹಳೆಯ ಯಂತ್ರಕ್ಕೆ ಹೊಸ ಮಿದುಳು

ಖಾಸಬಾಗದ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳದಿಂದ ಯಾರಿಗೂ ನಿದ್ದೆ ಕೆಡುವುದಿಲ್ಲ; ಸಪ್ಪಳ ನಿಂತರೇ ಎಚ್ಚರವಾಗುತ್ತದೆ. ಅಂಥ ಓಣಿಯಲ್ಲಿ ಕುಳಿತು ನನ್ನ ಗಣಕಯಂತ್ರ ನಿಧಾನವೆಂದು ದೂರುವುದು ನನಗೇ ನಾಚಿಕೆಯ ಸಂಗತಿ. ಆದರೆ ದೂರದೆ ಗತಿಯಿರಲಿಲ್ಲ. 2012ರಲ್ಲಿ ಕೊಂಡ ಈ ಡೆಸ್ಕ್‌ಟಾಪು, ಬೆಳಿಗ್ಗೆ ಗುಂಡಿ ಒತ್ತಿ, ಚಹಾ ಕಾಸಿ ಕುಡಿದು ಬಂದರೂ ಕಣ್ಣು ತೆರೆದಿರುತ್ತಿರಲಿಲ್ಲ.

ಅದರಿಂದ ನನಗಾಗುವ ಕೆಲಸ ಒಂದೇ. ನಮ್ಮ ತಂದೆಯವರು ಸೀರೆಯ ಅಂಚು ಸೆರಗುಗಳಿಗಾಗಿ ಚೌಕುಳಿ ಕಾಗದದ ಮೇಲೆ ಬರೆದ ವಿನ್ಯಾಸಗಳು ಒಂದು ಟ್ರಂಕಿನ ತುಂಬ ಇವೆ. ಅವನ್ನು ಸ್ಕ್ಯಾನ್ ಮಾಡಿ, ಮಸುಕಾದ ಚೌಕಗಳನ್ನು ಮತ್ತೆ ತುಂಬಿ ಉಳಿಸಿಕೊಳ್ಳುವುದು ಆರು ವರ್ಷಗಳಿಂದ ನನ್ನ ಸಂಜೆಯ ಉದ್ಯೋಗ. ಗೆದ್ದಲು ತಿಂದ ಕೆಲವು ಹಾಳೆಗಳು ಸ್ಕ್ಯಾನಾದ ಮೇಲೆ ಕೈಯಲ್ಲೇ ಪುಡಿಯಾದವು.

ಪ್ರೊಸೆಸರ್ ಬದಲಿಸಿರೆಂದು ಅಂಗಡಿಯ ಹುಡುಗ ಸಲಹೆಯಿತ್ತ. ನನ್ನದು ಎರಡು ಕೋರುಗಳ ಇಂಟೆಲ್ ಐ3-2120. ಅದೇ ಎಚ್61 ಬೋರ್ಡಿನ ಅದೇ ಗೂಡಿನಲ್ಲಿ ನಾಲ್ಕು ಕೋರುಗಳ ಐ7-3770 ಕೂಡ ಕುಳಿತುಕೊಳ್ಳುತ್ತದೆ. ಬಳಸಿದ್ದು ಮೂರು ಸಾವಿರಕ್ಕೆ ಸಿಗುತ್ತದೆಂದ. ಆಸೆಯಾಯಿತು. ಆದರೆ ತೊಡಕುಗಳಿದ್ದವು. ಹೊಸ ಪೀಳಿಗೆಯ ಗುರುತು ಹಿಡಿಯಲು ಹಳೆಯ ಬೋರ್ಡಿನ ಬಯೋಸ್ ತಿದ್ದಬೇಕು. ತಿದ್ದುವಾಗ ಕರೆಂಟು ಹೋದರೆ ಬೋರ್ಡೇ ಹೋದಂತೆ. ಕರೆಂಟಿನ ವಿಷಯ ನೇಕಾರರ ಓಣಿಯವನಿಗೆ ಬಿಡಿಸಿ ಹೇಳಬೇಕೆ? ಇಷ್ಟಾದರೂ ಅದು ಮೂರನೆಯ ಪೀಳಿಗೆಯದು. ವಿಂಡೋಸ್ 11 ಕೇಳುವುದು ಬಹುಮಟ್ಟಿಗೆ ಎಂಟನೆಯದರಿಂದ ಮುಂದಿನದನ್ನು. ವಿಂಡೋಸ್ 10ರ ಸಾಮಾನ್ಯ ಬೆಂಬಲವಂತೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೀಗೆ ತೂಗಿ ನೋಡುತ್ತಿರಲು, ರವಿವಾರದ ಸಂತೆಯಿಂದ ಕಾಯಿಪಲ್ಯೆ ಹೊತ್ತು ಮರಳುತ್ತಿದ್ದ ನೆರೆಮನೆಯ ನೇಕಾರ ನನ್ನ ಕಥೆ ಕೇಳಿ, “ಮಗ್ಗ ತಡವಾದರೆ ನಾವು ಮೊದಲಿಗೇ ಮೋಟಾರು ಬದಲಿಸುವುದಿಲ್ಲ. ಎಲ್ಲಿ ನಿಲ್ಲುತ್ತದೆ ನೋಡಿದಿರಾ?” ಎಂದ. ನೋಡಿರಲಿಲ್ಲ. (ಮಗ್ಗದವರ ಮಾತನ್ನು ಗಣಕದವರು ಕೇಳಿದ್ದು ಇದೇ ಮೊದಲಲ್ಲ. ಜಾಕ್ವಾರ್ಡ್ 1804ರಲ್ಲಿ ಮಗ್ಗಕ್ಕೆ ಹೂಡಿದ ತೂತಿನ ರಟ್ಟುಗಳನ್ನೇ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಎರವಲು ಪಡೆದನಷ್ಟೆ.)

ಅಂದು ಸಂಜೆ ಟಾಸ್ಕ್ ಮ್ಯಾನೇಜರ್ ತೆರೆದು ಕುಳಿತೆ. ಯಂತ್ರ ತಿಣುಕುತ್ತಿರುವಾಗ ಪ್ರೊಸೆಸರಿನ ದುಡಿಮೆ ನೂರಕ್ಕೆ ಹದಿನೈದು. ಹಾರ್ಡ್ ಡಿಸ್ಕಿನದು ನೂರಕ್ಕೆ ನೂರು! ಮಿದುಳು ಕೈಕಟ್ಟಿ ಕುಳಿತು ಡಿಸ್ಕಿನ ದಾರಿ ಕಾಯುತ್ತಿತ್ತು. ಡಿಸ್ಕಿನ ಆರೋಗ್ಯ ಹೇಳುವ ತಂತ್ರಾಂಶ ನಡೆಸಿ ನೋಡಿದರೆ, ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರುಗಳ ಸಂಖ್ಯೆ ಗಂಟೆಗೊಮ್ಮೆ ಏರುತ್ತಿತ್ತು. ಅದು ನಿಧಾನವಾಗಿರಲಿಲ್ಲ, ಸಾಯುತ್ತಿತ್ತು. ಮೂರು ಸಾವಿರ ಕೊಟ್ಟು ಹೊಸ ಮಿದುಳು ತೊಡಿಸಿ ನಾನು ನೆಮ್ಮದಿಯಿಂದ ಇದ್ದಿದ್ದರೆ ತಂದೆಯವರ ಅಂಚುಗಳೆಲ್ಲ ಆ ಡಿಸ್ಕಿನೊಡನೆಯೇ ಮಣ್ಣು ಸೇರುತ್ತಿದ್ದವು.

ರಾತ್ರಿಯಿಡೀ ಕುಳಿತು ಬೇರೊಂದು ಡಿಸ್ಕಿಗೆ ನಕಲು ತೆಗೆದೆ. ಮರುದಿನ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದೆ. ನಾಲ್ಕು ಜಿಬಿ ರ‍್ಯಾಮ್ ಎಂಟಾಯಿತು. ಈಗ ಯಂತ್ರ ಅರ್ಧ ನಿಮಿಷದೊಳಗೆ ಏಳುತ್ತದೆ, ನನ್ನ ಚಹಾ ತಪ್ಪಿದೆ. ವೀಡಿಯೊ ಕತ್ತರಿಸುವವರಿಗೆ, ಪ್ರೊಸೆಸರೇ ನೂರಕ್ಕೆ ನೂರು ದುಡಿದು ಬಳಲುವವರಿಗೆ ಆ ಐ7 ನಿಜಕ್ಕೂ ಉಪಕಾರಿ. ನನಗೆ ಸದ್ಯ ಬೇಡ. ಅಂಗಡಿಯ ಹುಡುಗ ಅದನ್ನು ಡಬ್ಬಿಯಲ್ಲಿಟ್ಟು ಇನ್ನೂ ನನ್ನ ದಾರಿ ನೋಡುತ್ತಿದ್ದಾನೆ.

ಹನ್ನೊಂದು ವಿನ್ಯಾಸಗಳು ನಕಲಾಗಲಿಲ್ಲ. ಎಂಟರ ಮೂಲ ಹಾಳೆಗಳು ಟ್ರಂಕಿನಲ್ಲಿ ದೊರೆತವು, ಮೂರು ದೊರೆಯಲಿಲ್ಲ. ಆ ಮೂರರಲ್ಲಿ ಒಂದನ್ನು ನೆರೆಮನೆಯವನು ಹುಡುಗನಾಗಿದ್ದಾಗ ನೇಯ್ದಿದ್ದನಂತೆ. ಕರೆಂಟು ಹೋಗಿ ಮಗ್ಗ ನಿಂತಾಗ ನಮ್ಮ ಕಟ್ಟೆಗೆ ಬಂದು, ನೆನಪಿನಿಂದ ಚೌಕ ತುಂಬುತ್ತಾನೆ. ಬಲಗಡೆಯ ಹೂವಿನಲ್ಲಿ ಇನ್ನೂ ಎರಡು ಎಳೆ ತಪ್ಪಿವೆ ಎನ್ನುತ್ತಾನೆ.