ನೆಗ್ಗಿದ ಬಾಗಿಲು ನೆಟ್ಟಗಾದದ್ದು ಹೇಗೆ?

ದೀಪಾವಳಿ ಕಳೆದ ಮರುವಾರ ನಮ್ಮ ಕಾಪುವಿನ ಮನೆಯ ಗೇಟಿನ ಕಂಬಕ್ಕೆ ಕಾರು ತಾಗಿಸಿದೆ. ಮುಸ್ಸಂಜೆಯ ಹೊತ್ತು, ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಎಡಗಡೆ ಕಂಬ ಇದೆ ಎಂದು ಮೂವತ್ತು ವರ್ಷದಿಂದ ಗೊತ್ತು. ಆದರೂ ಕಾಣಲಿಲ್ಲ. ‘ಧಡ್’ ಎಂದ ಮೇಲೆಯೇ ತಿಳಿದದ್ದು. ಇಳಿದು ನೋಡಿದರೆ ಹಿಂಬಾಗಿಲಿನಲ್ಲಿ ಅಂಗೈ ಅಗಲದ ನೆಗ್ಗು.

ಮನೆಯೊಳಗೆ ಬಂದು ಹೆಂಡತಿಗೆ ಏನು ಹೇಳಿದೆ ಗೊತ್ತೇ? “ಉಡುಪಿಯಲ್ಲಿ ನಿಲ್ಲಿಸಿದ್ದಾಗ ಯಾರೋ ತಾಗಿಸಿ ಹೋಗಿದ್ದಾರೆ ಮಾರಾಯ್ತಿ!” ಎಪ್ಪತ್ತೆರಡು ದಾಟಿದವ ನಾನು. ನಿಜ ಹೇಳಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದವ. ಆದರೆ ನಿಜ ಹೇಳಿದರೆ ಮಗ ಕಾರಿನ ಕೀ ತೆಗೆದಿಟ್ಟಾನು ಎಂಬ ಹೆದರಿಕೆ. ಆರನೇ ತರಗತಿಯ ಮೊಮ್ಮಗಳು ಮಾತ್ರ ಬಾಗಿಲನ್ನೊಮ್ಮೆ, ಗೇಟನ್ನೊಮ್ಮೆ ನೋಡಿ ಸುಮ್ಮನಾದಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳನ್ನೂ ಕೂರಿಸಿಕೊಂಡು ಉಡುಪಿಯ ಗ್ಯಾರೇಜಿಗೆ ಹೋದೆ.

ಕೈಯೇ ಕಣ್ಣು

ನೆಗ್ಗು ತೆಗೆಯುವವರನ್ನು ನಮ್ಮಲ್ಲಿ ‘ಟಿಂಕರ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಪದ ಮೊದಲು ಇದ್ದದ್ದು ಊರೂರು ಸುತ್ತಿ ಪಾತ್ರೆ ರಿಪೇರಿ ಮಾಡುವವರಿಗೆ. ನಮ್ಮ ಟಿಂಕರಣ್ಣನಿಗೆ ಐವತ್ತು ದಾಟಿದೆ. ಹಗಲಿಡೀ ಸುತ್ತಿಗೆಯ ಸದ್ದಿನಲ್ಲೇ ಇದ್ದು ಕಿವಿ ಸ್ವಲ್ಪ ಮಂದ. ಹಾಗಾಗಿ ಈಗ ಕೆಲಸ ಕಲಿಯುವ ಹುಡುಗರಿಗೆ ಕಿವಿಗೆ ಹತ್ತಿ ಇಡದೆ ಸುತ್ತಿಗೆ ಮುಟ್ಟಲು ಬಿಡುವುದಿಲ್ಲ.

ಅವರು ಕಣ್ಣು ಮುಚ್ಚಿ, ಅಂಗೈಯನ್ನು ಚಪ್ಪಟೆಯಾಗಿಟ್ಟು ಬಾಗಿಲಿನ ಮೇಲೆ ನಿಧಾನವಾಗಿ ಸವರಿದರು. ಕಣ್ಣಿಗೆ ಕಾಣದ ಏರುತಗ್ಗು ಅಂಗೈಗೆ ಸಿಗುತ್ತದಂತೆ. ಆಮೇಲೆ ಹೇಳಿದರು: “ಇದು ಕಾರು ತಾಗಿದ್ದಲ್ಲ ಸರ್, ಕಂಬ ತಾಗಿದ್ದು. ಬಂಪರ್ ತಾಗಿದರೆ ಅಡ್ಡಕ್ಕೆ ಅಗಲವಾಗಿ ನೆಗ್ಗುತ್ತದೆ. ಇದು ಉದ್ದಕ್ಕೆ ಇದೆ. ನೋಡಿ, ಸುಣ್ಣವೂ ಹಿಡಿದಿದೆ.”

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

ತಗಡಿಗೂ ನೆನಪಿದೆ

ಕಾರಿನ ಹೊರಮೈ ತಗಡು ಎಷ್ಟು ದಪ್ಪ ಇರಬಹುದು ಹೇಳಿ, ಮಕ್ಕಳೇ? ಈಗಿನ ಕಾರುಗಳಲ್ಲಿ ಸುಮಾರು 0.7 ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರ್ ಕೂಡ ಇಲ್ಲ! ಅದರ ಮೇಲಿನ ಬಣ್ಣದ ಪದರಗಳೆಲ್ಲ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅಜ್ಜಂದಿರಿಗೆ ನೆನಪಿರುವ ಅಂಬಾಸಿಡರ್ ಕಾರಿನ ತಗಡು ಇದಕ್ಕಿಂತ ದಪ್ಪ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಹಗುರ ಕಾರುಗಳ ಕಾಲ ಶುರುವಾಯಿತು.

ಇಷ್ಟು ತೆಳು ತಗಡು ಹಿಂದಿನ ಆಕಾರಕ್ಕೆ ಮರಳುವುದು ಹೇಗೆ? ಟಿಂಕರಣ್ಣ ಮೊಮ್ಮಗಳ ಕೈಗೆ ಉಕ್ಕಿನ ಅಡಿಕೋಲು ಕೊಟ್ಟು, ಸ್ವಲ್ಪ ಬಗ್ಗಿಸಿ ಬಿಡಲು ಹೇಳಿದರು. ಅದು ‘ಟಣ್’ ಎಂದು ನೆಟ್ಟಗಾಯಿತು. ಬಳಿಕ ಒಂದು ತಂತಿ ಕೊಟ್ಟು ಚೆನ್ನಾಗಿ ಮಡಚಲು ಹೇಳಿದರು. ಅದು ಮಡಚಿದ ಹಾಗೇ ಉಳಿಯಿತು. ಸ್ವಲ್ಪ ಬಗ್ಗಿದ ಉಕ್ಕು ತನ್ನಷ್ಟಕ್ಕೆ ಹಿಂದೆ ಬರುತ್ತದೆ, ಮಿತಿ ಮೀರಿ ಬಗ್ಗಿದ್ದು ಬರುವುದಿಲ್ಲ.

ಬಾಗಿಲಿನ ನೆಗ್ಗಿನಲ್ಲಿ ಈ ಎರಡೂ ಇರುತ್ತವೆ. ಕಂಬ ತಾಗಿದ ಗೆರೆಯಲ್ಲಿ ತಗಡು ಮಿತಿ ಮೀರಿ ಮಡಚಿದೆ. ಅದರ ಸುತ್ತಲಿನ ಅಗಲ ಜಾಗ ನಿಜವಾಗಿ ಮಡಚಿಲ್ಲ, ಆ ಗೆರೆ ಹಿಡಿದಿಟ್ಟಿರುವುದರಿಂದ ಒಳಗೆ ಕೂತಿದೆ. ಗೆರೆ ಬಿಟ್ಟುಕೊಟ್ಟರೆ ಉಳಿದದ್ದು ತಾನಾಗಿ ಎದ್ದು ಬರುತ್ತದೆ. “ನೆಗ್ಗಿನ ನಡುವಿಗೆ ಜೋರಾಗಿ ಹೊಡೆಯುವವ ಟಿಂಕರ್ ಅಲ್ಲ” ಎಂದರು ಅವರು.

ಬಾಗಿಲಿನ ಒಳಹೊದಿಕೆ ಕಳಚಿ, ಗಾಜನ್ನು ಮೇಲೇರಿಸಿ ಕೆಲಸ ಶುರುವಾಯಿತು. ಒಂದು ಕೈಯಲ್ಲಿ ‘ಡಾಲಿ’ ಎಂಬ ಉಕ್ಕಿನ ಗಟ್ಟಿ. ಅದನ್ನು ಒಳಗಿನಿಂದ ತಗ್ಗಿಗೆ ಒತ್ತಿ ಹಿಡಿಯುವುದು. ಇನ್ನೊಂದು ಕೈಯ ಸುತ್ತಿಗೆಯಿಂದ ಹೊರಗೆ ಉಬ್ಬಿದ ಅಂಚಿಗೆ ಮೆಲ್ಲಗೆ ತಟ್ಟುವುದು. ಅಂಚಿನಿಂದ ಹೊರಟು ನಡುವಿಗೆ ಬರಬೇಕು. ಕೈ ಹೋಗದ ಜಾಗವಾದರೆ ತಗಡಿಗೆ ಸಣ್ಣ ಮೊಳೆಗಳನ್ನು ಬೆಸೆದು ಹೊರಗಿನಿಂದ ಎಳೆಯುತ್ತಾರೆ. ಹಾಗೆ ಬೆಸೆಯುವ ಮೊದಲು ಬ್ಯಾಟರಿಯ ಸಂಪರ್ಕ ಕಳಚುತ್ತಾರೆ.

ಹೆಚ್ಚು ಹೊಡೆದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಬಿಸ್ಕತ್ ಡಬ್ಬದ ಮುಚ್ಚಳದ ಹಾಗೆ ಒತ್ತಿದಾಗ ಒಳಗೆ, ಬಿಟ್ಟಾಗ ಹೊರಗೆ ‘ಟಪ್ ಟಪ್’ ಅನ್ನುತ್ತದೆ. ಅದಕ್ಕೂ ಮದ್ದಿದೆ. ನಾಣ್ಯದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಿದರೆ ತಗಡು ಕುಗ್ಗುತ್ತದೆ.

ಇದನ್ನು ನೋಡುವಾಗ ಕಾರ್ಕಳದ ನನ್ನ ಅಜ್ಜನ ಮನೆ ನೆನಪಾಯಿತು. ಬಚ್ಚಲಿನ ತಾಮ್ರದ ಹಂಡೆ ಬಿದ್ದು ನೆಗ್ಗಿದರೆ ಪಾತ್ರೆ ಕೆಲಸದವರು ಅದನ್ನು ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿ, ಮರದ ಕೊರಡಿನ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟುತ್ತಿದ್ದರು. ಅದೇ ಕಾರ್ಕಳದ ಬೆಟ್ಟದ ಮೇಲೆ 1432ರ ಗೊಮ್ಮಟನಿದ್ದಾನೆ, ಸುಮಾರು 42 ಅಡಿ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನೂ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲೇ ಕಡೆದರು. ಕಲ್ಲಿನಲ್ಲಿ ಒಂದು ಚೂರು ಹೆಚ್ಚು ಹಾರಿದರೆ ಮತ್ತೆ ಅಂಟಿಸುವ ಹಾಗಿಲ್ಲ. ಲೋಹ ಹಾಗಲ್ಲ. ತಪ್ಪಿದ್ದನ್ನು ತಿದ್ದಲು ಬಿಡುತ್ತದೆ. ಆದರೆ ಲೆಕ್ಕವಿಲ್ಲದಷ್ಟು ಸಲ ಅಲ್ಲ: ಪ್ರತಿ ಸಲ ಬಗ್ಗಿದಾಗಲೂ ಆ ಜಾಗ ಗಡುಸಾಗುತ್ತದೆ, ಕೊನೆಗೆ ಸೀಳುತ್ತದೆ.

ಪುಟ್ಟಿ ಎಷ್ಟಿರಬೇಕು?

ಸುತ್ತಿಗೆ ಮುಗಿದ ಮೇಲೂ ಸಣ್ಣ ಏರುತಗ್ಗು ಉಳಿಯುತ್ತದೆ. ಅದನ್ನು ಮುಚ್ಚಲು ಪುಟ್ಟಿ. ಒಣಗಿದ ಮೇಲೆ ಉಜ್ಜುಕಾಗದದಿಂದ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ, ಕೊನೆಗೆ ಹೊಳಪಿನ ಪದರ. ಉಜ್ಜುವಾಗ ಏಳುವ ಧೂಳು, ಬಣ್ಣದ ಆವಿ ಎರಡೂ ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಸರಿಯಾದ ಮಾಸ್ಕ್ ಬೇಕೇ ಬೇಕು.

ಸುತ್ತಿಗೆಯ ಕೆಲಸ ಉಳಿಸಲು ತಗ್ಗಿನ ತುಂಬ ಪುಟ್ಟಿ ಮೆತ್ತುವವರೂ ಇದ್ದಾರೆ. ಆ ದಿನಕ್ಕೆ ಅದು ಚಂದವೇ ಕಾಣುತ್ತದೆ. ಆದರೆ ಪುಟ್ಟಿ ನೀರು ಹೀರುತ್ತದೆ. ವರ್ಷಕ್ಕೆ 4,000 ಮಿ.ಮೀ. ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮೂರಿನಲ್ಲಿ ಅದರ ಅಡಿಯಲ್ಲಿ ತುಕ್ಕು ಹಿಡಿದು, ಒಂದು ದಿನ ಹಪ್ಪಳದ ಹಾಗೆ ಎದ್ದು ಬರುತ್ತದೆ. “ಒಳಗೆ ನೆಟ್ಟಗೆ ಮಾಡದೆ ಮೇಲೆ ಬಣ್ಣ ಹೊಡೆದರೆ ಮಳೆಗಾಲ ಹೇಳಿಕೊಡುತ್ತದೆ ಸರ್” ಎಂದರು ಟಿಂಕರಣ್ಣ. ಅವರು ಹೇಳಿದ್ದು ಪುಟ್ಟಿಯ ಬಗ್ಗೆಯೇ. ನನಗೆ ಮಾತ್ರ ಬೇರೆಲ್ಲೋ ಚುಚ್ಚಿತು.

ಎಲ್ಲ ನೆಗ್ಗಿಗೂ ಪುಟ್ಟಿ ಬೇಡ. ಮಣಿಪಾಲದಂಥ ಕಡೆ ಕಾರುಗಳು ಒತ್ತೊತ್ತಾಗಿ ನಿಂತಾಗ ಪಕ್ಕದ ಬಾಗಿಲು ತಾಗಿ ಸಣ್ಣ ಗುಳಿ ಬೀಳುತ್ತದಲ್ಲ, ಬಣ್ಣ ಒಡೆದಿಲ್ಲವಾದರೆ ಅದನ್ನು ಬಣ್ಣ ಮುಟ್ಟದೆಯೇ ತೆಗೆಯಬಹುದು. ಉದ್ದನೆಯ ಕಂಬಿಯನ್ನು ಒಳಗೆ ತೂರಿಸಿ ಚೂರು ಚೂರೇ ಒತ್ತುತ್ತಾರೆ, ಇಲ್ಲವೇ ಅಂಟು ಹಾಕಿ ಹೊರಗಿನಿಂದ ಎಳೆಯುತ್ತಾರೆ. ಎದುರಿಗೆ ಒಂದು ದೀಪ ಇಟ್ಟಿರುತ್ತಾರೆ. ತಗಡಿನ ಮೇಲೆ ಅದರ ಪ್ರತಿಬಿಂಬ ಡೊಂಕಿಲ್ಲದೆ ಕಂಡರೆ ಕೆಲಸ ಮುಗಿಯಿತು.

ನೀವೂ ಮಾಡಿ ನೋಡಿ

* ಟ್ಯೂಬ್‌ಲೈಟಿನ ಕೆಳಗೆ ಸ್ಟೀಲ್ ತಟ್ಟೆ ಹಿಡಿದು ಬೆಳಕಿನ ಗೆರೆ ನೋಡಿ. ಗೆರೆ ಎಲ್ಲಿ ಡೊಂಕಾಗಿದೆಯೋ ಅಲ್ಲಿ ತಟ್ಟೆ ನೆಗ್ಗಿದೆ.

* ಹಳೆ ಕಾರು ಕೊಳ್ಳುವ ಹಿರಿಯರು ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಮೈಮೇಲೆ ಹಿಡಿಯಿರಿ. ಉಕ್ಕಿನ ಬಾಗಿಲಿನ ಒಂದು ಕಡೆ ಮಾತ್ರ ಅಂಟದಿದ್ದರೆ ಅಲ್ಲಿ ದಪ್ಪ ಪುಟ್ಟಿ ಇರಬಹುದು. ಪ್ಲಾಸ್ಟಿಕ್, ಅಲ್ಯೂಮಿನಿಯಂ ಭಾಗಗಳಿಗೆ ಎಲ್ಲಿಯೂ ಅಂಟದು.

* ಬಾಗಿಲಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ. ಅವುಗಳಲ್ಲಿ ಕೆಸರು ಕಟ್ಟದಂತೆ ನೋಡಿಕೊಳ್ಳಿ.

* ಸಣ್ಣ ನೆಗ್ಗಿಗೆಲ್ಲ ವಿಮೆ ಕೇಳುವ ಮೊದಲು ಲೆಕ್ಕ ಹಾಕಿ. ವಿಮೆ ಕೇಳದವರಿಗೆ ಸಿಗುವ ರಿಯಾಯಿತಿ ಮೊದಲ ವರ್ಷ 20 ಶೇಕಡಾದಿಂದ ಐದು ವರ್ಷಕ್ಕೆ 50 ಶೇಕಡಾದವರೆಗೆ ಏರುತ್ತದೆ. ಕೇಳಿದರೆ ಅದು ತಪ್ಪುತ್ತದೆ.

ಮಂಗಳವಾರ ಕಾರು ಸಿದ್ಧವಾಯಿತು. ಮೊಮ್ಮಗಳು ಕಣ್ಣು ಮುಚ್ಚಿ ಅಂಗೈಯಿಂದ ಸವರಿ, “ಏನೂ ಗೊತ್ತಾಗುವುದಿಲ್ಲ ಅಜ್ಜ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಗೇಟಿನ ಕಂಬದಲ್ಲಿ ಕಾರಿನ ಬಣ್ಣ ಇನ್ನೂ ಇದೆ” ಎಂದಳು.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಎಲ್ಲ ಹೇಳಿದೆ. ಅವ ಬೈಯಲಿಲ್ಲ. “ಕಂಬ ಕಾಣಲಿಲ್ಲ ಅಂದರೆ ಕಣ್ಣು ತೋರಿಸಬೇಕಲ್ಲ ಅಪ್ಪ” ಎಂದ. ಮರುದಿನವೇ ಕರೆದುಕೊಂಡು ಹೋದ. ಎಡಗಣ್ಣಿಗೆ ಪೊರೆ ಬಂದಿತ್ತು! ಸುಳ್ಳು ಹೇಳಿ ಇನ್ನೊಂದು ಮಳೆಗಾಲ ಕಾರು ಓಡಿಸಿದ್ದರೆ ಮುಂದಿನ ಸಲ ಎದುರಿಗೆ ಕಂಬವೇ ಇರುತ್ತಿತ್ತು ಎಂದು ಹೇಳುವವರು ಯಾರು?

ನಮ್ಮ ವಯಸ್ಸಿನವರ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾರೆ. ಕಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ. ವರ್ಷಕ್ಕೊಮ್ಮೆ ತೋರಿಸುವುದು ಒಳ್ಳೆಯದು. ನನ್ನ ಕಣ್ಣಿನ ಆಪರೇಷನ್ ಬರುವ ವಾರ. ಅಲ್ಲಿಯವರೆಗೆ ಕೀ ಮಗನ ಹತ್ತಿರವೇ ಇದೆ. ನಾನಾಗಿಯೇ ಕೊಟ್ಟದ್ದು.