ಟ್ರೇ ಮೇಲಿನ ಮೀಸೆಯವನು ಯಾರು?

ಸ್ಕಾಟ್ಲೆಂಡಿನ ಮೆಕ್‌ಯುವನ್ಸ್ ಬಿಯರ್‌ನ ಹಳೇ ತಗಡಿನ ಟ್ರೇ ನೋಡಿದೀರಾ? ಟೋಪಿ ಹಾಕ್ಕೊಂಡು, ಗ್ಲಾಸ್ ಹಿಡಿದು ನಗೋ ಮೀಸೆಯವನು ಇದಾನಲ್ಲ, ಅವನು ಸ್ಕಾಟ್ಲೆಂಡಿನವನೇ ಅಲ್ಲ! ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್ 1624ರಲ್ಲಿ ಬರೆದ ಚಿತ್ರದಿಂದ ಬಂದವನು. ಮೂಲ ಚಿತ್ರದಲ್ಲಿ ಗ್ಲಾಸೇ ಇಲ್ಲ. ಬಿಯರ್ ಕೊಟ್ಟಿದ್ದು ಜಾಹೀರಾತಿನವರು.

ವಿಲಿಯಂ ಮೆಕ್‌ಯುವನ್ 1856ರಲ್ಲಿ ಎಡಿನ್‌ಬರೋದಲ್ಲಿ ಫೌಂಟನ್ ಬ್ರೂವರಿ ಶುರು ಮಾಡಿದ. 1886ರಲ್ಲಿ ಸಂಸದನಾದಾಗ ಸೋದರಳಿಯನ ಕೈಗೆ ಒಪ್ಪಿಸಿದ. 1931ರಲ್ಲಿ ಪ್ರತಿಸ್ಪರ್ಧಿ ವಿಲಿಯಂ ಯಂಗರ್ ಕಂಪನಿ ಜೊತೆ ವಿಲೀನ. ಮನೆತನದ ಹೆಸರು ಬರೀ ಲೇಬಲ್ ಆಗ್ತಾ ಬಂತು. ಆ ಬ್ರೂವರಿಯೂ ಈಗಿಲ್ಲ.

ಉಳಿದಿದ್ದು ಟ್ರೇ. ಸಂಗ್ರಾಹಕರು ಗೀರಿಲ್ಲದ್ದನ್ನೇ ಹುಡುಕ್ತಾರೆ. ನನಗಂತೂ ಗೀರು ಬಿದ್ದದ್ದೇ ಇಷ್ಟ: ಅದು ಪಬ್‌ನಲ್ಲಿ ದುಡಿದಿರುತ್ತೆ, ಅಂಚಿನೊಳಗೆ ಚೆಲ್ಲಿದ ಬಿಯರ್ ಹಿಡಿದಿರುತ್ತೆ.